ಒತ್ತಿಲ್ಲದ ಕೀಲಿಮಣೆ

ನಾನೊಂದು ಕೀಲಿಮಣೆ. ಕಾರ್ಖಾನೆಯಲ್ಲಿ ನೂರನಾಲ್ಕು ಗುಂಡಿಗಳನ್ನು ಮೈಮೇಲೆ ಕೂರಿಸಿಕೊಂಡು ಹುಟ್ಟಿದೆ. ಮೊದಲು ಒಂದು ಶಾಲೆಯಲ್ಲಿದ್ದೆ. ಮಕ್ಕಳು ಕುಟ್ಟಿ ಕುಟ್ಟಿ ನನ್ನ ಅಕ್ಷರಗಳನ್ನು ಸವೆಸಿದರು. ಹೊಸ ಯಂತ್ರಗಳು ಬಂದಾಗ ಶಾಲೆಯವರು ಹಳೆಯ ಕಂಪ್ಯೂಟರಿನ ಜತೆ ನನ್ನನ್ನೂ ಜೈಲಿಗೆ ದಾನ ಮಾಡಿದರು.

ಮಹಿಳಾ ವಿಭಾಗದ ಆ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಸರಳು. ಇಂಟರ್ನೆಟ್ ಇಲ್ಲ. ಲಿನಕ್ಸ್ ತಂತ್ರಾಂಶ ಹಾಕಿದ ಆ ಕಂಪ್ಯೂಟರಿನಲ್ಲಿ ಮಹಾನಂದಾ ಎಂಬ ಕೈದಿ ಎಲ್ಲರ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದಳು. ಹೊರಗಿದ್ದಾಗ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು. ಯಾಕೆ ಒಳಗೆ ಬಂದಳೆಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನನ್ನ ಎಫ್ ಗುಂಡಿ ಸತ್ತಿತು. ಕನ್ನಡದಲ್ಲಿ ಒತ್ತಕ್ಷರ ಮೂಡಿಸುವುದು ಅದೇ. ‘ಕಣ್ಣು’ ಎಂದು ಹೊಡೆದರೆ ‘ಕಣಣು’ ಎಂದು ಬೀಳುತ್ತಿತ್ತು. ಹೊಸ ಕೀಲಿಮಣೆ ಬೇಕೆಂದು ಕಚೇರಿಗೆ ಬರೆದದ್ದಕ್ಕೆ ಉತ್ತರವೇ ಬರಲಿಲ್ಲ.

ಮಹಾನಂದಾ ಎಫ್‌ನ ಕೆಲಸವನ್ನು ಕ್ಯಾಪ್ಸ್ ಲಾಕ್ ಗುಂಡಿಗೆ ವಹಿಸಿದಳು. ಆ ಆಜ್ಞೆ ಬರೆಯಲೂ ಎಫ್ ಅಕ್ಷರವೇ ಬೇಕಿತ್ತು. ಬೇರೆ ಕಡತದಿಂದ ಅದನ್ನು ಮೌಸಿನಲ್ಲಿ ಎತ್ತಿ ತಂದಳು. ಆದರೆ ಕಂಪ್ಯೂಟರ್ ಆರಿಸಿದೊಡನೆ ಎಲ್ಲ ಅಳಿಸಿಹೋಗುತ್ತಿತ್ತು. ದಿನಾ ಬೆಳಿಗ್ಗೆ ಮತ್ತೆ ಅದೇ ಆಜ್ಞೆ.

ಒಂದು ಬುಧವಾರ ಸುದ್ದಿ ಬಂತು: ಸೋಮವಾರ ಮಹಾನಂದಾಳನ್ನು ಬೇರೆ ಜೈಲಿಗೆ ಒಯ್ಯುತ್ತಾರೆ. ಅವಳಿಂದ ಟೈಪಿಂಗ್ ಕಲಿಯುತ್ತಿದ್ದ ಲಾಲ್‌ಬಿ ಕಂಗಾಲಾದಳು. ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಪೆರೋಲಿಗೆ ಅರ್ಜಿ ಹಾಕಬೇಕಿತ್ತು.

“ಅಕ್ಕಾ, ನೀ ಹ್ವಾದ ಮ್ಯಾಲ ಆ ಇಂಗ್ಲಿಷ್ ಮಂತ್ರ ಯಾರು ಹೊಡೀಬೇಕು? ನನಗ ಕನ್ನಡ ಅಷ್ಟ ಬರ್ತೈತಿ.”

“ಯಾರೂ ಹೊಡೀಬಾರದು. ಚಾಲೂ ಆದ ಮ್ಯಾಲ ತನ್ನಷ್ಟಕ್ಕ ತಾನ ಆಗೂ ಹಂಗ ಮಾಡ್ತೀನಿ.”

ಕಂಪ್ಯೂಟರ್ ಏಳುವಾಗಲೇ ಓಡುವ ಪುಟ್ಟ ಸ್ಕ್ರಿಪ್ಟೊಂದನ್ನು, ಅಂದರೆ ಆಜ್ಞೆಗಳ ಪಟ್ಟಿಯನ್ನು, ಅವಳು ಬರೆದಳು. ಗುರುವಾರ ಅದು ಓಡಲೇ ಇಲ್ಲ. ಓಡುವ ಅನುಮತಿ ಕೊಡುವುದನ್ನು ಮರೆತಿದ್ದಳು. ಕೊಟ್ಟಳು. ಶುಕ್ರವಾರವೂ ಒತ್ತು ಮೂಡಲಿಲ್ಲ. ಓಡಿದ ಹೊತ್ತನ್ನು ಕಡತದಲ್ಲಿ ಬರೆದಿಡುವಂತೆ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದಳು. ಶನಿವಾರ ನೋಡಿದರೆ ಅದು ಓಡಿತ್ತು! ಹಾಗಾದರೆ ಕೆಡಿಸಿದ್ದು ಯಾರು? ಸಂಜೆಯ ಹೊತ್ತಿಗೆ ಸಿಕ್ಕಿತು. ಸ್ಕ್ರಿಪ್ಟ್ ಮುಗಿದ ಮೇಲೆ ಡೆಸ್ಕ್‌ಟಾಪ್ ಪರದೆ ಎದ್ದು, ತನ್ನದೇ ಕೀಲಿ ವಿನ್ಯಾಸವನ್ನು ಅದರ ಮೇಲೆ ಹೇರುತ್ತಿತ್ತು. ‘ಇಪ್ಪತ್ತು ಸೆಕೆಂಡ್ ಕಾಯು’ ಎಂದು ಮೊದಲ ಸಾಲಿನಲ್ಲಿ ಸೇರಿಸುವಷ್ಟರಲ್ಲಿ ಕಾವಲಿನವಳು ಬಂದಳು.

“ಐದು ಹೊಡೀತು, ಏಳ್ರಿ.”

“ಮೇಡಂ, ಒಂದ ಸಲ ಚಾಲೂ ಮಾಡಿ ನೋಡ್ತೀನಿ…”

“ಏಳ್ರಿ ಅಂದ್ನೆಲ್ಲ!”

ಭಾನುವಾರ ಕೋಣೆಗೆ ಬೀಗ. ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ವ್ಯಾನ್ ಗುರುಗುಡುವಾಗ ಲಾಲ್‌ಬಿ ಕಂಪ್ಯೂಟರ್ ಹಾಕಿದಳು. ಅವಸರದಲ್ಲಿ ಹೊಡೆದಳು: ‘ಅಕಕ’. ಅಕ್ಕ ಸೇರಿಸಿದ ಇಪ್ಪತ್ತು ಸೆಕೆಂಡ್ ನೆನಪಾಯಿತು. ಕಣ್ಣು ಮುಚ್ಚಿ ಇಪ್ಪತ್ತರವರೆಗೆ ಎಣಿಸಿ ಮತ್ತೆ ಹೊಡೆದಳು: ‘ಅಕ್ಕ’.

“ಅಕ್ಕಾ, ಬಂತು!” ಎಂದು ಕಿಟಕಿಗೆ ಓಡಿದಳು. ವ್ಯಾನ್ ಗೇಟು ದಾಟಿತ್ತು.

ಅಂದೇ ಹೊಡೆದ ಅರ್ಜಿಯಿಂದ ಲಾಲ್‌ಬಿಗೆ ಏಳು ದಿನಗಳ ಪೆರೋಲ್ ಸಿಕ್ಕಿತು. ತಾಯಿಯ ಕೈ ಹಿಡಿದು ಕೂತು, ಎಂಟನೆಯ ದಿನ ಮರಳಿ ಬಂದು ನನ್ನ ಮುಂದೆ ಕುಳಿತಳು. ಮೂರು ತಿಂಗಳ ಮೇಲೆ ಮಹಾನಂದಾಳಿಂದ ಒಂದು ಕಾರ್ಡ್ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: “ಆತೇನು?”

ಲಾಲ್‌ಬಿ ಉತ್ತರವನ್ನು ನನ್ನ ಮೇಲೆಯೇ ಹೊಡೆದಳು. ಬೇಕೆಂದೇ ಒತ್ತಕ್ಷರಗಳನ್ನು ಹೆಕ್ಕಿ ಹೆಕ್ಕಿ ತುಂಬಿದಳು. ಈಗ ನನ್ನ ಇನ್ನೂ ಆರು ಗುಂಡಿಗಳು ಸತ್ತಿವೆ, ನಾನಿರುವುದು ಕಪಾಟಿನಲ್ಲಿ. ಆ ಪತ್ರ ಮಹಾನಂದಾಳ ಕೈ ಸೇರಿತೋ ಇಲ್ಲವೋ, ಇಲ್ಲಿ ಯಾರಿಗೂ ಗೊತ್ತಿಲ್ಲ.