ಕಲ್ಲಿನ ಮೇಲೆ ಪ್ಲಾನಸ್

ನನ್ನ ಗಂಡ ನರ್ಸಿಸ್‌ನ ಅಂತ್ಯಕ್ರಿಯೆಗೆ ಐದೇ ಜನ: ನಾನು, ತಂಗಿಯ ಮಗಳು, ಅವಳ ಗಂಡ, ಶವದ ವ್ಯಾನಿನ ಡ್ರೈವರ್, ಬೇರೆ ಊರಿಂದ ಬಂದ ಪಾದ್ರಿ. ಊರ ಚರ್ಚಿನಲ್ಲಿ ಹದಿನಾಲ್ಕು ಬೆಂಚು ಖಾಲಿ ಇದ್ದವು. ಅಳು ಬರಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ಯಾವ ಹೆಸರು ಕೆತ್ತಬೇಕೆಂದು ಶನಿವಾರದೊಳಗೆ ಹೇಳಬೇಕಿತ್ತು. ಅದೊಂದೇ ತಲೆಯಲ್ಲಿತ್ತು.

ಮರುದಿನ ಬ್ರೆಡ್ಡು ತರಲು ಹೋದೆ. ಅಂಗಡಿಯ ಎಂಗ್ರಾಸಿಯಾ ಹಿಟ್ಟಿನ ಕೈ ಒರೆಸಿಕೊಂಡಳು.

"ಬಂದ್ಯಾ ರೆಮೇಯ್? ಮೂರು ತಿಂಗಳಾಯ್ತಲ್ಲೇ, ಊರು ಮರ್ತೇ ಬಿಟ್ಟೆ ಅಂದ್ಕೊಂಡಿದ್ದೆ. ನಿನ್ನ ಸೆರದೆಲ್ ಹೇಗಿದಾನೆ? ಆಸ್ಪತ್ರೆಯಿಂದ ಯಾವಾಗ ಬಿಡ್ತಾರಂತೆ?"

"ನಿನ್ನೆ ಅವನ ಅಂತ್ಯಕ್ರಿಯೆ ಆಯ್ತು."

ಊರಿಗೆ ತಿಳಿಸಲೆಂದು ಅವಳ ಬಾಗಿಲಿಗೇ ಅಂಟಿಸಿದ್ದ ಸಾವಿನ ಸುದ್ದಿಯ ಪತ್ರವನ್ನು ಅವಳು ನೋಡಿದಳು. ನರ್ಸಿಸ್ ಪ್ಲಾನಸ್, ಎಂಬತ್ತೊಂದು ವರ್ಷ.

"ಅಯ್ಯೋ ದೇವರೇ! ಯಾರೋ ಹೊರಗಿನವನು ಅಂದ್ಕೊಂಡ್ವಲ್ಲೇ. ಪಾಪ, ಇವನಿಗೆ ಯಾರೂ ಇಲ್ವೇನೋ ಅಂತ ಬೆನೆತ್ ಹತ್ರ ಅಂದೂ ಅಂದೆ. ಮನೆ ಹೆಸರು ಯಾಕೆ ಹಾಕಿಸ್ಲಿಲ್ಲ?"

ಪತ್ರದ ಕೆಳಗೆ ಮನೆಯ ಹೆಸರು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಜಿರೋನಾದ ಆಸ್ಪತ್ರೆಯಲ್ಲಿ ಪತ್ರ ಬರೆದುಕೊಂಡ ಹುಡುಗಿಗೆ ಅವನ ಗುರುತಿನ ಚೀಟಿ ಕೊಟ್ಟಿದ್ದೆ. ಬೇರೇನಾದರೂ ಸೇರಿಸಬೇಕಾ ಎಂದಳು. ಏನೂ ಇಲ್ಲ ಎಂದೆ.

ಸೆರದೆಲ್ ನನ್ನ ಅಪ್ಪನ ಮನೆಯ ಹೆಸರು. ಹಿತ್ತಿಲಿನ ಗುಡ್ಡದಿಂದ ಬಂದದ್ದಂತೆ. ಮನೆ ಹಿರಿಯ ಮಗನಿಗೆ, ಉಳಿದವರು ಹೊರಡಬೇಕು. ಅಪ್ಪನ ಮೂವರು ತಮ್ಮಂದಿರು ಪೋರ್ಟೊ ರಿಕೊಗೆ ಹೋದರು. ಈಗ ಅಲ್ಲಿ ಸೆರದೆಲ್ ಎನ್ನುವವರು ನಮ್ಮ ಹೊಲದ ಹುರುಳಿಗಿಂತ ಹೆಚ್ಚು. ಕ್ರಿಸ್ಮಸ್ಸಿಗೆ ಫೋಟೋ ಕಳಿಸುತ್ತಾರೆ, ಒಬ್ಬರ ಗುರುತೂ ಸಿಗುವುದಿಲ್ಲ.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಮನೆ ನನಗೆ ಬಂತು, ನರ್ಸಿಸ್ ಮನೆ ಅಳಿಯನಾಗಿ ಬಂದ. ಮದುವೆಯ ಮರುದಿನದಿಂದ ಊರಿಗೆಲ್ಲ ಅವನೂ ಸೆರದೆಲ್. ಅವನ ಒಬ್ಬನೇ ಅಣ್ಣ ಮದುವೆಯಾಗದೆ ಸತ್ತ. ನಮಗೂ ಮಕ್ಕಳಾಗಲಿಲ್ಲ. ಪ್ಲಾನಸ್ ಎನ್ನುವುದು ಆ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಶನಿವಾರ ಕಲ್ಲು ಕೆತ್ತುವ ಬೆನೆತ್ ಬಂದ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಸೆರದೆಲ್ ಅಂತ್ಲೇ ಕೆತ್ತಿಬಿಡ್ತೀನಿ ಅಕ್ಕಾ. ನಲವತ್ತು ವರ್ಷ ಅವನ ಜೊತೆ ಇಸ್ಪೀಟಾಡಿದೋನು ನಾನು, ಆ ಪತ್ರ ಅವನ್ದು ಅಂತ ನಂಗೇ ಗೊತ್ತಾಗ್ಲಿಲ್ಲ."

"ಆಟದಲ್ಲಿ ನೀನು ಮೋಸ ಮಾಡ್ತಿದ್ಯಂತೆ."

"ನಾನಾ? ಆ ಕಳ್ಳ ನನ್ ಮೇಲೆ ಹಾಕ್ತಿದ್ನಾ?" ಎಂದವನು ಬಾಯಿ ಮುಚ್ಚಿಕೊಂಡ.

"ಪ್ಲಾನಸ್ ಅಂತ ಕೆತ್ತು. ದಪ್ಪಗೆ."

"ಯಾರಿಗೂ ತಿಳಿಯಲ್ಲ ಅಕ್ಕಾ. ಹೂವು ತಂದವ್ರು ಎಲ್ಲಿಡ್ಬೇಕು?"

"ಮನೆ ಹೆಸರು ಕೆಳಗೆ ಸಣ್ಣದಾಗಿ ಹಾಕು, ಹುಡುಕ್ತಾರೆ. ನಮ್ಮ ಹೆಸರಿಗೆ ಸಮುದ್ರದಾಚೆ ಊರುಗಟ್ಲೆ ಜನ ಇದಾರೆ. ಅವನ ಹೆಸರಿಗೆ ಇರೋದು ಇದೊಂದು ಕಲ್ಲು."

ಬೆನೆತ್ ಸೀಸದಕಡ್ಡಿಯಲ್ಲಿ ಬರೆದು ತೋರಿಸಿದ. ಸರಿಯಾಗಿತ್ತು. ಅಷ್ಟರಲ್ಲಿ ಎಂಗ್ರಾಸಿಯಾ ಕಪ್ಪು ಬಟ್ಟೆ ತೊಟ್ಟು ಬಂದಳು, ಅವಳ ಹಿಂದೆ ಬೀದಿಯ ಅರ್ಧ ಜನ. ಕುರ್ಚಿ ಸಾಲಲಿಲ್ಲ. ಅಡಿಗೆಮನೆಯಿಂದ ಸ್ಟೂಲು ತಂದೆ.