ದುಲ್ಮಾ ಒಪ್ಪುವ ಬಿಲ್ಲು

ಬಿಲ್ಲು ಕಟ್ಟುವವರಲ್ಲಿ ಮೊದಲನೆಯವನ ಮನೆಯಿಂದ ಹೊರಬೀಳುವಾಗಲೇ ಸುವ್ದಾಳಿಗೆ ಅನ್ನಿಸಿತ್ತು, ಅತ್ತೆಯನ್ನು ಜೊತೆಗೆ ಕರೆತಂದದ್ದೇ ತಪ್ಪು ಎಂದು. ಎರಡನೆಯವನ ಮನೆಯಲ್ಲಿ ಅನುಮಾನವೂ ಉಳಿಯಲಿಲ್ಲ. ಈಗ ಮೂರನೆಯವನಾದ ಗೋಂಚಿಗ್‌ನ ಮನೆಗೆ ಹೋಗುವ ದಾರಿಯಲ್ಲಿ, ಗಂಡ ಚುಲೂನ್ ಓಡಿಸುತ್ತಿದ್ದ ಲಾರಿಯಲ್ಲಿ ಅವನ ಮತ್ತು ಅತ್ತೆಯ ನಡುವೆ ಕುಳಿತು, ಬೆಳಗಿನಿಂದ ನುಂಗಿಕೊಂಡು ಬಂದ ಮಾತುಗಳನ್ನೆಲ್ಲ ಇನ್ನೊಮ್ಮೆ ನುಂಗಿಕೊಂಡಳು.

ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳಿಗೆ ರಜೆ ಸಿಕ್ಕುವುದೇ ಕಷ್ಟ. ಇಷ್ಟು ವರ್ಷ ಬಿಲ್ಲುಗಾರರ ಸಂಘದ ಫೈಬರ್ ಬಿಲ್ಲಿನಲ್ಲೇ ಕಾಲ ತಳ್ಳಿದ್ದಳು. ಅದರಲ್ಲಿ ಯಾರು ಬೇಕಾದರೂ ಬಾಣ ಹೊಡೆಯುತ್ತಿದ್ದರು, ಯಾರೂ ಅದನ್ನು ನೋಡಿಕೊಳ್ಳುತ್ತಿರಲಿಲ್ಲ. ಈ ಬೇಸಿಗೆಯ ನಾದಮ್ ಹಬ್ಬದ ಆಟಗಳಿಗಾದರೂ ಕೊಂಬು, ನರ, ಮರ ಸೇರಿಸಿ ಕಟ್ಟಿದ, ತುದಿಗಳು ಮುಂದಕ್ಕೆ ಬಾಗಿದ ತನ್ನದೇ ಒಂದು ಬಿಲ್ಲು ಬೇಕು ಎಂದು ಹಟ ಹಿಡಿದಿದ್ದಳು. ಚುಲೂನ್ ಒಪ್ಪಿದ. ಒಪ್ಪಿದವನು ಸುಮ್ಮನಿರದೆ, ಅಮ್ಮನಿಗಿಂತ ಬಿಲ್ಲು ಬಲ್ಲವರು ಯಾರಿದ್ದಾರೆ, ಅವಳೂ ಬರಲಿ ಎಂದುಬಿಟ್ಟ.

ಅದು ಸುಳ್ಳೇನಲ್ಲ. ಅತ್ತೆ ದುಲ್ಮಾ ಒಂದು ಕಾಲಕ್ಕೆ ಇಡೀ ಜಿಲ್ಲೆಗೆ ಹೆಸರಾದ ಬಿಲ್ಲುಗಾತಿ. ಭುಜ ಕೈಕೊಟ್ಟ ಮೇಲೆ ಹೊಡೆಯುವುದನ್ನು ಬಿಟ್ಟಿದ್ದಳೇ ಹೊರತು ಹೇಳುವುದನ್ನು ಬಿಟ್ಟಿರಲಿಲ್ಲ. ಮೊದಲನೆಯವನು ತೋರಿಸಿದ ಬಿಲ್ಲನ್ನು ಉಗುರಿನಿಂದ ತಟ್ಟಿ ನೋಡಿ, ಒಳಗೆ ಇರುವುದು ಕೊಂಬಲ್ಲ, ಪ್ಲಾಸ್ಟಿಕ್ಕು ಎಂದಳು. ಅವನು ಕೊಂಬೇ ಎಂದು ಆಣೆ ಇಟ್ಟ. ಹಾಗಾದರೆ ಸತ್ತ ಮೇಲೆ ಬಹಳ ದಿನ ಬಿಸಿಲಲ್ಲಿ ಬಿದ್ದಿದ್ದ ಪ್ರಾಣಿಯದ್ದಿರಬೇಕು ಎಂದಳು. ಎರಡನೆಯವನ ಬಿಲ್ಲಿನ ಮೇಲೆ ಚಿನ್ನದ ಬಣ್ಣದ ಹೂಬಳ್ಳಿ ಇತ್ತು. ಇದನ್ನು ಗೋಡೆಗೆ ತೂಗುಹಾಕುವುದಕ್ಕೆ ಮೊಳೆಯನ್ನೂ ನೀನೇ ಕೊಡುತ್ತೀಯಾ ಎಂದು ಕೇಳಿದಳು. ಅವನು ಚಹಾ ಕೂಡ ಕೊಡದೆ ಕಳಿಸಿದ.

ಗೋಂಚಿಗ್‌ನ ಅಂಗಳ ನಗರದಾಚೆಯ ಗುಡ್ಡದ ಬದಿಗಿತ್ತು. ಒಂದು ಉಣ್ಣೆಯ ಗುಡಾರ, ಒಂದು ತಗಡಿನ ಶೆಡ್ಡು, ಹಿಂದೆ ಬಾಣ ಹೊಡೆದು ನೋಡಲು ಮಣ್ಣಿನ ದಿಬ್ಬ. ದಪ್ಪನೆಯ, ಅವಸರವಿಲ್ಲದ ಮನುಷ್ಯ. ಹೆಂಡತಿಯಿಂದ ಉಪ್ಪುಚಹಾ ತರಿಸಿದ, ಒಣಮೊಸರಿನ ಗಡ್ಡೆಗಳ ತಟ್ಟೆ ಮುಂದಿಟ್ಟ, ಆಮೇಲೆ ಬಿಲ್ಲುಗಳನ್ನು ಒಂದೊಂದಾಗಿ ತಂದ. ಸುವ್ದಾ ಕೈ ಚಾಚುವ ಮೊದಲೇ ಪ್ರತಿಯೊಂದೂ ದುಲ್ಮಾಳ ಮಡಿಲಿಗೆ ಹೋಯಿತು. ಹೆದೆಯೇರಿಸಿದ ಬಿಲ್ಲನ್ನು ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡುವುದು, ತಲೆಯಾಡಿಸಿ ಕೆಳಗಿಡುವುದು. ಒಂದರಲ್ಲಿ ಹೆದೆ ನಟ್ಟನಡುವೆ ಹಾಯುವುದಿಲ್ಲವಂತೆ. ಇನ್ನೊಂದರಲ್ಲಿ ಮೇಲಿನ ತೋಳು ಕೆಳಗಿನದಕ್ಕಿಂತ ಸೋಮಾರಿಯಂತೆ. ಮತ್ತೊಂದಕ್ಕೆ ಸುತ್ತಿದ ಭೂರ್ಜದ ತೊಗಟೆಯಲ್ಲಿ ಜೋಡಣೆ ಕಾಣುತ್ತದಂತೆ.

ತೊಗಟೆಯಿಂದ ಬಾಣಕ್ಕೇನಾಗಬೇಕು ಎಂದು ಸುವ್ದಾ ಕೇಳಿದಳು.

"ಬಾಣಕ್ಕೇನೂ ಆಗಲ್ಲ. ಕಾಣೋ ಕಡೆನೇ ಇಷ್ಟು ಸೋಮಾರಿತನ ಮಾಡಿದ್ರೆ, ಕಾಣದೆ ಇರೋ ಕಡೆ ಏನು ಮಾಡಿರ್ತಾನೋ ಅಂತ."

ಗೋಂಚಿಗ್ ಚಹಾದ ಬಟ್ಟಲು ಕೆಳಗಿಟ್ಟ. "ಅಕ್ಕ, ಮೂವತ್ತು ವರ್ಷದಿಂದ ಬಿಲ್ಲು ಕಟ್ತಾ ಇದೀನಿ."

"ಹಾಗಾದ್ರೆ ಇಷ್ಟೊತ್ತಿಗೆ ಕಲಿತಿರಬೇಕಾಗಿತ್ತಲ್ಲಪ್ಪ."

ಚುಲೂನ್ ಲಾರಿಯ ಚಕ್ರ ನೋಡಿಕೊಂಡು ಬರುತ್ತೇನೆಂದು ಎದ್ದುಹೋದ. ಅವನು ಹಾಗೆ ತಪ್ಪಿಸಿಕೊಂಡದ್ದೇ ಸುವ್ದಾಳಿಗೆ ಸಾಕಾಯಿತು. ಮದುವೆಯಾಗಿ ಬಂದಾಗಿನಿಂದ ಚಹಾಕ್ಕೆ ಉಪ್ಪು ಎಷ್ಟು ಹಾಕಬೇಕು, ಒಲೆಗೆ ಬೆರಣಿ ಹೇಗೆ ಜೋಡಿಸಬೇಕು ಎಂದು ಕೇಳಿಸಿಕೊಂಡೇ ಬಂದಿದ್ದವಳು ಮೊದಲ ಸಲ ಅತ್ತೆಯ ಕೈಯಿಂದ ಬಿಲ್ಲನ್ನು ಕಿತ್ತುಕೊಂಡಳು.

"ಅಮ್ಮಾ, ಇದನ್ನ ಎಳೆಯೋಳು ನಾನು. ಬೆಳಿಗ್ಗೆಯಿಂದ ನನ್ನ ಕೈಗೆ ಒಂದೇ ಒಂದು ಬಿಲ್ಲು ಬಂದಿಲ್ಲ. ನಿಮಗೆ ಬೇಕಾದ್ರೆ ನಿಮಗೊಂದು ತಗೊಳ್ಳಿ, ನನ್ನದನ್ನ ನನಗೆ ಬಿಡಿ."

ದುಲ್ಮಾ ಎದ್ದು, ನಿಲುವಂಗಿ ಕೊಡವಿಕೊಂಡು, ಹೋಗಿ ಲಾರಿಯಲ್ಲಿ ಕುಳಿತಳು. ಕಿಟಕಿಯ ಗಾಜು ಇಳಿಸಿ, ಮುಖವನ್ನು ಗುಡ್ಡದ ಕಡೆ ತಿರುಗಿಸಿದಳು.

ಈಗ ಅಂಗಳ ಸುವ್ದಾಳದೇ. ಹೆಬ್ಬೆರಳಿಗೆ ಹೆದೆ ಎಳೆಯುವ ಉಂಗುರ ತೊಟ್ಟು ದಿಬ್ಬಕ್ಕೆ ಎದುರಾಗಿ ನಿಂತಳು. ಒಂದು ಬಿಲ್ಲು ಅರ್ಧ ಎಳೆಯುವಷ್ಟರಲ್ಲಿ ಗೋಡೆಯಂತೆ ನಿಂತುಬಿಟ್ಟಿತು. ಇನ್ನೊಂದು ಎಷ್ಟು ಮೆದುವಾಗಿತ್ತೆಂದರೆ ಬಾಣ ಹೊರಟದ್ದೇ ತಿಳಿಯಲಿಲ್ಲ. ಕೊನೆಗೆ ಉಳಿದವು ಎರಡು: ಕಪ್ಪು ಹಿಡಿಕೆಯದೊಂದು, ಕಂದು ಹಿಡಿಕೆಯದೊಂದು. ಎರಡೂ ಕಿವಿಯವರೆಗೆ ಸರಾಗವಾಗಿ ಬರುತ್ತಿದ್ದವು. ಎರಡರ ಬಾಣವೂ ನೋಡಿದ ಕಡೆಗೇ ಹೋಗುತ್ತಿತ್ತು. ಕಪ್ಪನ್ನು ಎತ್ತಿದರೆ ಕಂದೇ ವಾಸಿ ಅನ್ನಿಸುತ್ತಿತ್ತು, ಕಂದನ್ನು ಎತ್ತಿದರೆ ಕಪ್ಪು. ಗೋಂಚಿಗ್‌ನನ್ನು ಕೇಳಿದರೆ ಎರಡೂ ತನ್ನ ಮಕ್ಕಳೇ ಎಂದ. ಚುಲೂನ್‌ನನ್ನು ಕೇಳಿದರೆ ಕಪ್ಪು ಚೆನ್ನಾಗಿ ಕಾಣುತ್ತದೆ ಎಂದ. ಅತ್ತೆಯ ಮೇಲಿನ ಸಿಟ್ಟು ಈಗ ತನ್ನ ಮೇಲೇ ತಿರುಗಿತು. ಇಷ್ಟೆಲ್ಲ ಜಗಳ ತೆಗೆದು, ಆರಿಸುವುದಕ್ಕೆ ಬಾರದೆ ನಿಂತಿದ್ದಳಲ್ಲ.

ಮುಖ ಬಿಗಿದುಕೊಂಡೇ ಲಾರಿಯ ಹತ್ತಿರ ಹೋದಳು. ಒಂದು ಸಲ ಬಂದು ನೋಡುತ್ತೀರಾ ಎಂದು ಕೇಳಿದಳು. ನನ್ನನ್ನು ಯಾಕೆ ಕೇಳುತ್ತೀ, ಎಳೆಯುವವಳು ನೀನಲ್ಲವೇ ಎಂದು ದುಲ್ಮಾ ಗುಡ್ಡಕ್ಕೆ ಹೇಳಿದಳು. ಸುವ್ದಾ ಹಲ್ಲು ಕಚ್ಚಿಕೊಂಡು ಹಿಂದಿರುಗಿ, ಎರಡರಿಂದಲೂ ಮತ್ತೆ ಬಾಣ ಬಿಡತೊಡಗಿದಳು.

"ಕಂದು," ಎಂದಿತು ಲಾರಿಯೊಳಗಿನ ದನಿ.

ತಿರುಗಿ ನೋಡಿದರೆ ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದಳು.

"ಯಾಕೆ?"

"ಕಪ್ಪಲ್ಲಿ ಹೊಡೆದಾಗೆಲ್ಲ ಎಡಗೈ ಒದರ್ಕೋತೀಯ. ಅದು ಕೈಗೆ ಒದೀತಾ ಇದೆ. ಇವತ್ತು ಗೊತ್ತಾಗಲ್ಲ, ಆಟದ ದಿನ ಸಾಯಂಕಾಲದ ಹೊತ್ತಿಗೆ ಮೊಣಕೈ ಹೇಳತ್ತೆ. ಕಂದಲ್ಲಿ ನೀನು ಸುಮ್ನೆ ಮುಂದಿನ ಬಾಣ ತಗೋತಾ ಇದೀಯ."

ಸುವ್ದಾ ತನ್ನ ಎಡಗೈಯನ್ನು ನೋಡಿಕೊಂಡಳು. ಕಪ್ಪು ಬಿಲ್ಲಿನಿಂದ ಮತ್ತೊಂದು ಬಾಣ ಬಿಟ್ಟಳು. ಕೈ ತಾನಾಗಿಯೇ ಒದರಿಕೊಂಡಿತು. ಅತ್ತೆ ಬೆಳಗಿನಿಂದ ಇದನ್ನೇ ಹೇಳಬಹುದಿತ್ತು, ತೊಗಟೆ, ಮೊಳೆ ಎಂದು ಊರವರನ್ನೆಲ್ಲ ಬೈಯುವ ಬದಲು. ಆದರೆ ಬೆಳಗಿನಿಂದ ಬಿಲ್ಲು ತನ್ನ ಕೈಗೆ ಬಂದಿದ್ದರೆ ತಾನೇ ಅತ್ತೆ ನೋಡುವುದು ಎಂಬುದೂ ಹೊಳೆದು, ಅವಳಿಗೆ ಇನ್ನಷ್ಟು ರೇಗಿತು.

ಕಂದು ಹಿಡಿಕೆಯದನ್ನೇ ಕೊಂಡರು. ಗೋಂಚಿಗ್ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಸುವ್ದಾಳಿಗೆ ಒಪ್ಪಿಸಿದ. ಅಕ್ಕನಿಗೂ ಹಿಡಿಸಿತಲ್ಲ, ಅದೇ ಸಂತೋಷ ಎಂದ. ಹಿಡಿಸಿತು ಎಂದು ಯಾರು ಹೇಳಿದರು, ಇದ್ದುದರಲ್ಲಿ ಇದು ಎಂದಳು ದುಲ್ಮಾ. ಊರಿಗೆ ಹೋಗುವ ದಾರಿಯುದ್ದಕ್ಕೂ ಹಿಡಿಕೆಗೆ ಸುತ್ತಿದ ಚರ್ಮ ಸರಿಯಿಲ್ಲವೆಂದು ಗೊಣಗಿದಳು. ಚುಲೂನ್ ರೇಡಿಯೋ ಜೋರು ಮಾಡಿದ.

ನಾದಮ್‌ನಲ್ಲಿ ಸುವ್ದಾ ಗೆಲ್ಲಲಿಲ್ಲ, ತೀರಾ ಹಿಂದೆಯೂ ಬೀಳಲಿಲ್ಲ. ಬಾಣ ತಾಗಿತೆಂದು ಗುರಿಯ ಬಳಿ ನಿಂತವರು ಕೈಯೆತ್ತಿ ರಾಗವಾಗಿ ಕೂಗಿದಾಗಲೆಲ್ಲ ದುಲ್ಮಾ ಪಕ್ಕದ ಹೆಂಗಸರಿಗೆ, ಆ ಬಿಲ್ಲು ನಾನು ಆರಿಸಿದ್ದು ಎಂದು ಹೇಳುತ್ತಿದ್ದಳು. ಬಾಣ ಗುರಿ ತಪ್ಪಿದಾಗ, ಸೊಸೆ ಯಾರ ಮಾತೂ ಕೇಳುವವಳಲ್ಲ ಎನ್ನುತ್ತಿದ್ದಳು. ಎರಡೂ ಸುವ್ದಾಳ ಕಿವಿಗೆ ಬಿದ್ದವು.

ಆಟ ಮುಗಿಸಿ, ಎಲ್ಲರ ಜೊತೆ ಕರಿದ ಮಾಂಸದ ರೊಟ್ಟಿ ತಿಂದು ಬರುವಷ್ಟರಲ್ಲಿ ಬಿಲ್ಲು ಇಟ್ಟ ಜಾಗದಲ್ಲಿರಲಿಲ್ಲ. ಅತ್ತೆ ಅದರ ಹೆದೆ ಇಳಿಸಿ, ಒರೆಸಿ, ಸೊಸೆಯ ಗುಡಾರದ ಪಕ್ಕದಲ್ಲೇ ಇದ್ದ ತನ್ನ ಗುಡಾರದಲ್ಲಿ ಹಾಸಿಗೆಯ ತಲೆದೆಸೆಗೆ ತೂಗುಹಾಕಿದ್ದಳು. ನಿನ್ನ ಗುಡಾರದಲ್ಲಿ ಒಲೆಯ ಹೊಗೆ ಜಾಸ್ತಿ ಎಂದಳು. ಸುವ್ದಾ ಮಾರನೆಯ ದಿನ ಆಸ್ಪತ್ರೆಗೆ ಹೊರಡುವ ಮೊದಲು ಅಭ್ಯಾಸಕ್ಕೆಂದು ಅತ್ತೆಯ ಬಾಗಿಲಿಗೆ ಹೋಗಿ, ತನ್ನ ಬಿಲ್ಲನ್ನು ತಾನೇ ಕೇಳಿ ಇಸಿದುಕೊಂಡಳು. ದುಲ್ಮಾ ಬಿಲ್ಲಿನ ಜೊತೆಗೆ ಒಂದು ಬಟ್ಟಲು ಚಹಾ ಕೊಟ್ಟಳು. ನಿನ್ನೆ ಅವಳ ಬಲಗಾಲು ಎಲ್ಲಿತ್ತು, ಎಲ್ಲಿರಬೇಕಾಗಿತ್ತು ಎಂದು ಹೇಳುತ್ತಾ ಹಿಂದೆಯೇ ಹೊರಟಳು.