ಇಪ್ಪತ್ತು ವೆಲ್ವೆಟ್ ಬುಗುರಿಗಳು

ಟೈಲರಮ್ಮನ ಹೊಲಿಗೆ ಕೋಣೆಗೆ ಅವಳ ಗಂಡನಿಗೆ ಪ್ರವೇಶವಿರಲಿಲ್ಲ. ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು, ಊರಿನ ಅರ್ಧ ಜನರನ್ನು ಗದರಿಸಿ ಒಳಗೆ ತಳ್ಳಿದ ಮನುಷ್ಯ ಮನೆಯಲ್ಲಿ ಮಾತ್ರ ಚಹಾದ ಲೋಟವನ್ನು ಹೊಸ್ತಿಲಾಚೆಯಿಂದಲೇ ಚಾಚಿ ನಿಲ್ಲುತ್ತಿದ್ದರು. ನಿವೃತ್ತರಾದ ಮೇಲೂ ಬೀದಿಗೆಲ್ಲ ಅವರು ಕಂಡಕ್ಟರೇ. "ಅಲ್ಲೇ ನಿಲ್ಲಿ, ಬಟ್ಟೆ ಮೇಲೆ ಚೆಲ್ಲಿಬಿಟ್ಟೀರಿ" ಎನ್ನುವುದು ಟೈಲರಮ್ಮನ ನಿತ್ಯದ ಮಾತು.

ಅಂಥವಳು ಒಂದು ಬುಧವಾರ ಬೆಳಿಗ್ಗೆ ಗಂಡನನ್ನು ಒಳಗೆ ಕರೆದು ಕೈಗೆ ದೊಡ್ಡ ಕತ್ತರಿ ಕೊಟ್ಟಳೆಂದರೆ, ಪರಿಸ್ಥಿತಿ ಎಷ್ಟು ಕೆಟ್ಟಿತ್ತು ಅಂತ ನೀವೇ ಊಹಿಸಿ.

ವರ್ಷದ ಕೊನೆಯ ರಜೆಗೆ ಗ್ರಂಥಾಲಯದ ಮಕ್ಕಳ ಕೋಣೆಯನ್ನು ಸಿಂಗರಿಸುವುದು ಹದಿನೆಂಟು ವರ್ಷದಿಂದ ಅವಳದೇ ಕೆಲಸ. ಒಂದು ವರ್ಷ ಸ್ಯಾಟಿನ್ ಮೀನುಗಳು, ಒಂದು ವರ್ಷ ನೆಟ್ ಬಟ್ಟೆಯ ಮೋಡಗಳು. ಸ್ಯಾಟಿನ್ ಜಾರುತ್ತದೆ, ಅಂಚಿನಲ್ಲೆಲ್ಲ ನೂಲು ಬಿಡುತ್ತದೆ. ನೆಟ್ ಸೂಜಿಗೆ ಸಿಗದೆ ಆಟವಾಡಿಸುತ್ತದೆ. ಎರಡನ್ನೂ ಅವಳು ಬಗ್ಗಿಸಿದ್ದಳು. ಈ ಸಲ ವೆಲ್ವೆಟ್. ಮೇಲೆ ಅಗಲ, ಕೆಳಗೆ ಚೂಪಾದ ಆರಾರು ತುಂಡು ಜೋಡಿಸಿ ಇಪ್ಪತ್ತು ಕೆಂಪು ಬುಗುರಿಗಳು. ಸೂರಿನಿಂದ ದಾರದಲ್ಲಿ ತೂಗಾಡಬೇಕು.

ಆದರೆ ಗ್ರಂಥಾಲಯದ ಮೇಡಂ ಈ ಸಲ ಸಣ್ಣ ಮುಖ ಮಾಡಿಕೊಂಡು ಹೇಳಿದ್ದರು: "ಟೈಲರಮ್ಮಾ, ಮೇಲಿನವರು ಪ್ಲಾಸ್ಟಿಕ್ ಮಾಲೆ ಸಾಕು ಅಂತ ಹಟ ಹಿಡಿದಿದ್ದಾರೆ. ಶನಿವಾರ ಅವರೇ ನೋಡೋಕೆ ಬರ್ತಾರೆ. ಒಪ್ಪಿದ್ರೆ ಸರಿ, ಇಲ್ಲಾಂದ್ರೆ ಮುಂದೆ ಎಂದೆಂದೂ ಪ್ಲಾಸ್ಟಿಕ್ಕೇ."

ಅಂದಿನಿಂದ ಅವಳಿಗೆ ಊಟ ರುಚಿಸಿರಲಿಲ್ಲ. ಊರವರ ಬಟ್ಟೆ ಹೊಲಿದರೆ ಹೊಟ್ಟೆ ತುಂಬುತ್ತಿತ್ತು. ಮನಸ್ಸು ತುಂಬುತ್ತಿದ್ದುದು ಮಾತ್ರ ಮಕ್ಕಳು ತಲೆ ಎತ್ತಿ "ಅಬ್ಬಾ" ಅಂದಾಗ. ಅಷ್ಟು ಸಾಲದೆಂಬಂತೆ ಬಲಗೈ ಹೆಬ್ಬೆರಳು ಬೇರೆ ಊದಿಕೊಂಡಿತು. "ಮಿಷನ್ ಬೇಕಾದ್ರೆ ತುಳೀರಿ. ಕತ್ತರಿ ಮಾತ್ರ ಹದಿನೈದು ದಿನ ಮುಟ್ಟಕೂಡದು," ಎಂದರು ಡಾಕ್ಟರು.

ಹೀಗೆ ಕಂಡಕ್ಟರ ಕೈಗೆ ಕತ್ತರಿ ಬಂತು. ಟೈಲರಮ್ಮ ವೆಲ್ವೆಟ್ಟನ್ನು ಮೇಜಿನ ಮೇಲೆ ಬೋರಲು ಹಾಸಿ, ರಟ್ಟಿನ ಅಚ್ಚು ಕೊಟ್ಟಳು. "ಚೂಪು ತುದಿ ಕಿಟಕಿ ಕಡೆಗೇ ಇರಲಿ. ಗುಂಡುಸೂಜಿ ಚುಚ್ಚಬೇಡಿ, ಗುರುತು ಉಳಿಯುತ್ತೆ. ಇಸ್ತ್ರಿಯನ್ನಂತೂ ಹತ್ತಿರಕ್ಕೂ ತರಬೇಡಿ," ಎಂದು ಹೇಳಿ, ಬ್ಯಾಂಡೇಜ್ ಬದಲಾಯಿಸಿಕೊಳ್ಳಲು ಆಸ್ಪತ್ರೆಗೆ ಹೊರಟಳು. ಕಿಟಕಿ ಕಡೆಗೇ ಯಾಕೆ ಅಂತ ಹೇಳಲಿಲ್ಲ. ಇಷ್ಟು ವರ್ಷ ಯಾರಿಗೂ ಏನೂ ಹೇಳಿಕೊಡದವಳಿಗೆ, ಅದು ಹೇಳಬೇಕಾದ ವಿಷಯ ಅಂತಲೇ ಹೊಳೆಯಲಿಲ್ಲ.

ಬಂದು ನೋಡಿದರೆ ನೂರಿಪ್ಪತ್ತು ತುಂಡುಗಳು ಒಟ್ಟಾಗಿ ಬಿದ್ದಿವೆ. ಪಕ್ಕದಲ್ಲಿ ಮಡಿಸಿಟ್ಟ ಮುಕ್ಕಾಲು ಮೀಟರ್ ಬಟ್ಟೆ. ಕಂಡಕ್ಟರ ಮೀಸೆ, ಹುಬ್ಬು, ಕಿವಿಯ ಮೇಲೆಲ್ಲ ಕೆಂಪು ಧೂಳು.

"ನೋಡೇ, ನೀನು ಹೇಳಿದ ಹಾಗೆ ಇಟ್ರೆ ಮಧ್ಯೆ ಮಧ್ಯೆ ಎಷ್ಟು ಜಾಗ ದಂಡ!" ಅವರು ಬೀಗುತ್ತಿದ್ದರು. "ಒಬ್ಬನ ತಲೆ ಪಕ್ಕ ಇನ್ನೊಬ್ಬನ ಕಾಲು ಇಟ್ಟು ಎಲ್ಲರನ್ನೂ ಒತ್ತಿ ಕೂರಿಸಿದೆ. ಅರವತ್ತು ಜನ ಕಿಟಕಿ ಕಡೆ, ಅರವತ್ತು ಜನ ಬಾಗಿಲ ಕಡೆ. ಸೀಟೊಂದೂ ಖಾಲಿ ಬಿಟ್ಟಿಲ್ಲ!"

ಟೈಲರಮ್ಮ ಎರಡು ತುಂಡು ಎತ್ತಿ, ಎರಡರ ಚೂಪೂ ಕೆಳಗೆ ಬರುವಂತೆ ಬೆಳಕಿಗೆ ಹಿಡಿದಳು. ಒಂದು ದಟ್ಟ ಕೆಂಪು, ಇನ್ನೊಂದು ತೊಳೆದು ತೊಳೆದು ಬಿಳಿಚಿಕೊಂಡಂಥ ಕೆಂಪು.

"ಅರೆ, ಬಟ್ಟೆ ಒಂದೇ ತಾನೆ?"

"ವೆಲ್ವೆಟ್‌ಗೆ ಕೂದಲಿದೆ ರೀ! ಬೆಕ್ಕಿನ ಬೆನ್ನಿನ ಹಾಗೆ, ಎಲ್ಲಾ ಒಂದೇ ಕಡೆ ಮಲಗಿರುತ್ತೆ. ಅರ್ಧ ತಲೆಕೆಳಗು ಮಾಡಿದ್ರೆ ಅರ್ಧದ ಬಣ್ಣವೇ ಬೇರೆ ಕಾಣುತ್ತೆ. ಹದಿನೆಂಟು ವರ್ಷದ ಕೆಲಸಕ್ಕೆ ಒಂದೇ ಗಂಟೇಲಿ ನೀರು ಬಿಟ್ರಲ್ಲಾ!"

ಕಂಡಕ್ಟರ ಮುಖ ಇಳಿಯಿತು. ಚಪ್ಪಲಿ ಮೆಟ್ಟಿ ಹೊರಟು, ಅದೇ ಕೆಂಪಿಗಾಗಿ ಊರಿನ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿದರು.

ಇತ್ತ ಟೈಲರಮ್ಮ ಸಿಟ್ಟಿನಲ್ಲೇ ಕೈಗೆ ಸಿಕ್ಕ ಆರು ತುಂಡು ಜೋಡಿಸಿ ಹೊಲಿದಳು. ಎಷ್ಟು ಕೆಟ್ಟಿದೆ ಅಂತಲಾದರೂ ಗೊತ್ತಾಗಲಿ ಅಂತ. ಹತ್ತಿ ತುಂಬಿ ಕಿಟಕಿಯ ಚಿಲಕಕ್ಕೆ ತೂಗಿಬಿಟ್ಟಳು. ಒಂದು ಪಕ್ಕದಲ್ಲಿ ದಟ್ಟ ಕೆಂಪಿನ ತುಂಡುಗಳೇ ಒಟ್ಟಾಗಿ, ಕಾಫಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಬುಗುರಿ ಗಾಳಿಗೆ ನಿಧಾನವಾಗಿ ತಿರುಗಿತು. ಆಚೆ ಪಕ್ಕ ಬಂತು. ಅಲ್ಲಿ ಅಕಸ್ಮಾತ್ತಾಗಿ ದಟ್ಟ, ತಿಳಿ, ದಟ್ಟ ಅಂತ ಸಾಲಾಗಿ ಕೂತಿದ್ದವು. ತಿರುಗುತ್ತಿದ್ದ ಹಾಗೇ ಬೆಳಕು ಒಂದರಿಂದ ಇನ್ನೊಂದಕ್ಕೆ ಹಾರಿತು. ಟೈಲರಮ್ಮ ಅದನ್ನು ಮತ್ತೆ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಆಮೇಲೆ ಒಬ್ಬಳೇ ಕಿಸಕ್ಕನೆ ನಕ್ಕಳು.

ಕಂಡಕ್ಟರು ಬರಿಗೈಯಲ್ಲಿ ಬಂದು ಹೊಸ್ತಿಲಲ್ಲಿ ನಿಂತರು. "ಆ ಕೆಂಪು ಎಲ್ಲೂ ಇಲ್ಲ ಕಣೇ."

"ಬೇಡ ಬಿಡಿ. ಕೈ ತೊಳ್ಕೊಂಡು ಬನ್ನಿ. ನಿಮ್ಮ ಪ್ಯಾಸೆಂಜರ್‌ಗಳನ್ನ ಬೇರೆ ಬೇರೆ ಮಾಡಬೇಕು. ಒಂದೊಂದು ಬುಗುರಿಗೆ ಮೂವರು ಕಿಟಕಿಯವರು, ಮೂವರು ಬಾಗಿಲವರು, ಒಬ್ಬರ ಪಕ್ಕ ಒಬ್ಬರು."

ಇಬ್ಬರೂ ನೆಲದ ಮೇಲೆ ಕೂತರು. ಬೆರಳಿನಲ್ಲಿ ಸವರಿ ನೋಡುವುದು: ಚೂಪಿನ ಕಡೆಗೆ ನಯವಾದರೆ ಒಂದು ಗುಡ್ಡೆ, ಒರಟಾದರೆ ಇನ್ನೊಂದು. ಕಂಡಕ್ಟರು ಕಣ್ಣು ಮುಚ್ಚಿ ಸವರುತ್ತ, "ನೀನು ಮುಂದೆ ಹೋಗು, ನೀನು ಹಿಂದೆ, ರೈಟ್ ರೈಟ್!" ಎಂದು ಕೂಗಿದಾಗ ಟೈಲರಮ್ಮನಿಗೆ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಮೊದಲ ಬುಗುರಿಗೆ ದಂಡವಾದ ಆರು ತುಂಡುಗಳ ಜಾಗಕ್ಕೆ ಹೊಸ ಆರು, ಅವರು ಉಳಿಸಿದ ಬಟ್ಟೆಯಲ್ಲೇ ಬಂದವು. ವೆಲ್ವೆಟ್ ಮುಖಕ್ಕೆ ಮುಖ ಸೇರಿಸಿದರೆ ಮಿಷನ್ ಕೆಳಗೆ ತೆವಳಿಕೊಂಡು ಹೋಗುತ್ತದೆ. ಅದಕ್ಕೆ ಅವಳು ಮೊದಲು ಎಡಗೈಯಲ್ಲೇ ಉದ್ದುದ್ದ ಹೊಲಿಗೆ ಹಾಕಿ, ಆಮೇಲೆ ಮಿಷನ್ ತುಳಿದಳು. ಅವರು ಹತ್ತಿ ತುಂಬಿದರು. ಶುಕ್ರವಾರ ಸಂಜೆಗೆ ಇಪ್ಪತ್ತೂ ಮುಗಿದು, ಮಕ್ಕಳ ಕೋಣೆಯ ಸೂರಿಗೆ ಏರಿದವು.

ಶನಿವಾರ ಮೇಲಿನವರು ಮೂವರು ಬಂದರು. ಒಬ್ಬರ ಕಂಕುಳಲ್ಲಿ ಪ್ಲಾಸ್ಟಿಕ್ ಮಾಲೆಯ ಡಬ್ಬಿ ಸಿದ್ಧವಾಗಿಯೇ ಇತ್ತು. ಬಾಗಿಲು ತೆಗೆದದ್ದೇ ತಡ, ಗಾಳಿ ನುಗ್ಗಿ ಇಪ್ಪತ್ತು ಬುಗುರಿಗಳೂ ತಿರುಗತೊಡಗಿದವು. ದಟ್ಟ ಕೆಂಪು ತಿಳಿಯಾಯಿತು, ತಿಳಿ ದಟ್ಟವಾಯಿತು. ಓದಲು ಕೂತಿದ್ದ ಮಕ್ಕಳು ಪುಸ್ತಕ ಬಿಟ್ಟು ನೆಲದ ಮೇಲೆ ಅಂಗಾತ ಮಲಗಿ "ಅಬ್ಬಾ" ಎಂದವು. ಡಬ್ಬಿಯವರು ತಲೆ ಎತ್ತಿ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕಿದರು. ಡಬ್ಬಿಯನ್ನು ಮೆಲ್ಲಗೆ ಕುರ್ಚಿಯ ಹಿಂದೆ ಇಟ್ಟರು.

"ಎರಡು ಬಣ್ಣದ ಬಟ್ಟೆಯೇನಮ್ಮಾ?"

"ಒಂದೇ ಬಟ್ಟೆ, ಸಾರ್."

"ಹೌದಾ! ಮುಂದಿನ ವರ್ಷಾನೂ ನೀವೇ ಮಾಡಿಕೊಡಬೇಕು. ಅಂದ ಹಾಗೆ, ಇದು ಯಾರಿಗೆ ಹೊಳೆದದ್ದು?"

ಹದಿನೆಂಟು ವರ್ಷ ಇಂಥ ಪ್ರಶ್ನೆಗೆ ಟೈಲರಮ್ಮನ ಉತ್ತರ ಒಂದೇ: ನನಗೇ. ಇವತ್ತೂ ಅದೇ ನಾಲಿಗೆಯ ತುದಿಗೆ ಬಂತು. ಬಾಗಿಲ ಹತ್ತಿರ ಕಂಡಕ್ಟರು ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದರು. ಎಷ್ಟು ತೊಳೆದರೂ ಹುಬ್ಬಿನಲ್ಲಿ ಕೆಂಪು ಧೂಳು ಉಳಿದೇ ಇತ್ತು. ಅವಳಿಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು.

"ನಮ್ಮ ಯಜಮಾನರಿಗೆ ಸಾರ್. ಅವರು ತಲೆಕೆಳಗು ಮಾಡಿದ್ರು, ನಾನು ಹೊಲಿದೆ, ಅಷ್ಟೇ," ಎಂದಳು. ಕಂಡಕ್ಟರ ಕಿವಿ ವೆಲ್ವೆಟ್ಟಿಗಿಂತ ಕೆಂಪಾಯಿತು.

ಸೋಮವಾರ ಎಂದಿನಂತೆ ಕಂಡಕ್ಟರು ಚಹಾದ ಲೋಟ ಹಿಡಿದು ಬಂದು ಹೊಸ್ತಿಲಾಚೆಯಿಂದ ಕೈ ಚಾಚಿದರು. ಅವರ ತಲೆಯ ಮೇಲೆ, ಬಾಗಿಲ ಚೌಕಟ್ಟಿನಲ್ಲಿ, ಆ ಮೊದಲಿನ ಕೆಟ್ಟ ಬುಗುರಿ ತೂಗಾಡುತ್ತಿತ್ತು. ಟೈಲರಮ್ಮ ಲೋಟಕ್ಕೆ ಕೈ ಚಾಚಲಿಲ್ಲ. ಮಿಷನ್ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ನೆಲಕ್ಕಿಟ್ಟಳು.

"ಬಾಗಿಲಲ್ಲೇ ಯಾಕ್ರೀ ನಿಂತ್ರಿ? ಒಳಗೆ ಜಾಗ ಇದೆ, ಬನ್ನಿ."